ಮುಟ್ಟು ಬಂದ ಮೇಲೆ ಬಂದ ಪಾಠ: ಹರೆಯದ ಶಿಕ್ಷಣದ ಒಂದು ಶತಮಾನ

ಮಗುವಿನ ಮೈ ವಯಸ್ಕರ ಮೈಯಾಗಿ ಮಾರ್ಪಡುವ ಕೆಲವು ವರ್ಷಗಳ ಅವಧಿಯನ್ನು ವೈದ್ಯರು ಪ್ರೌಢತೆಗೆ ಕಾಲಿಡುವ ಹಂತ ಎನ್ನುತ್ತಾರೆ. ಜನರ ಮಾತಿನಲ್ಲಿ ಇದು ಹುಡುಗಿಯಾದರೆ ಮೈನೆರೆಯುವುದು ಅಥವಾ ದೊಡ್ಡವಳಾಗುವುದು, ಹುಡುಗನಾದರೆ ಮೀಸೆ ಚಿಗುರುವುದು, ದನಿ ಒಡೆಯುವುದು. ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಎಂಬ ಪುಟ್ಟ ಗ್ರಂಥಿಯು ಅಂಡಾಶಯಗಳಿಗೆ ಅಥವಾ ವೃಷಣಗಳಿಗೆ ಹಾರ್ಮೋನುಗಳೆಂಬ ರಾಸಾಯನಿಕ ಸಂದೇಶಗಳನ್ನು ಕಳುಹಿಸತೊಡಗಿದಾಗ ಈ ಬದಲಾವಣೆ ಮೊದಲಾಗುತ್ತದೆ. ಹುಡುಗಿಯರಲ್ಲಿ ಸಾಮಾನ್ಯವಾಗಿ 8ರಿಂದ 13 ವರ್ಷದೊಳಗೆ, ಹುಡುಗರಲ್ಲಿ 9ರಿಂದ 14 ವರ್ಷದೊಳಗೆ ಅದರ ಮೊದಲ ಚಿಹ್ನೆಗಳು ಕಾಣಿಸಿಕೊಳ್ಳುತ್ತವೆ, ಮತ್ತು ಹುಡುಗಿಯ ಎದೆ ಮೂಡತೊಡಗಿದ ಮೇಲೆ ಮೊದಲ ಮುಟ್ಟು ಬರಲು ಸುಮಾರು ಎರಡು ವರ್ಷ ಹಿಡಿಯುತ್ತದೆ. ಮಗುವಿಗೆ ತಿಳಿಸಿ ಹೇಳಲು ದೇಹವೇ ಹಿರಿಯರಿಗೆ ಇಷ್ಟು ಕಾಲಾವಕಾಶ ಕೊಟ್ಟಿದ್ದರೂ, ಕನ್ನಡ ನಾಡಿನ ಕಳೆದ ನೂರು ವರ್ಷಗಳಲ್ಲಿ ಆ ಅವಕಾಶವನ್ನು ಬಳಸಿಕೊಂಡ ಮನೆಗಳೂ ಶಾಲೆಗಳೂ ತೀರ ಕಡಿಮೆ.

ಹಿಂದಿನವರು ಈ ವಿಷಯದಲ್ಲಿ ಮಕ್ಕಳಿಗೆ ಏನನ್ನೂ ಕಲಿಸುತ್ತಿರಲಿಲ್ಲ ಎಂಬ ಮಾತು ಮೇಲಿಂದ ಮೇಲೆ ಕೇಳಿಬರುತ್ತದೆಯಾದರೂ ಅದು ಸರಿಯಲ್ಲ. ಅವರು ಬಹಳಷ್ಟನ್ನು ಕಲಿಸುತ್ತಿದ್ದರು. ಆಚರಣೆಯ ಮೂಲಕ, ಊಟದ ಮೂಲಕ, ಹಾಡಿನ ಮೂಲಕ, ಅದಕ್ಕಿಂತ ಹೆಚ್ಚಾಗಿ ನಿಷೇಧಗಳ ಮೂಲಕ ಕಲಿಸುತ್ತಿದ್ದರು. ಆ ಪಾಠ ಯಾವಾಗ ಬರುತ್ತಿತ್ತು, ಯಾವುದನ್ನು ಹೇಳಿ ಯಾವುದನ್ನು ಬಿಡುತ್ತಿತ್ತು, ಯಾರ ಹಿತಕ್ಕಾಗಿ ನಡೆಯುತ್ತಿತ್ತು ಎಂಬ ಪ್ರಶ್ನೆಗಳನ್ನಿಟ್ಟುಕೊಂಡು ನೋಡಿದರೆ, ಹಳೆಯ ಗುಡ್ಲಿನಿಂದ ಇಂದಿನ ಪಠ್ಯಪುಸ್ತಕದವರೆಗೆ ಒಂದೇ ಕೊರತೆ ಬೇರೆ ಬೇರೆ ವೇಷದಲ್ಲಿ ಮುಂದುವರಿದಿರುವುದು ತಿಳಿಯುತ್ತದೆ.

ಹಳೆ ಮೈಸೂರಿನ ಅನೇಕ ಸಮುದಾಯಗಳಲ್ಲಿ ಹುಡುಗಿ ಮೊದಲ ಸಲ ಮುಟ್ಟಾದಾಗ ಸೋದರಮಾವನು ಹಸಿರು ಸೊಪ್ಪು, ತೆಂಗಿನ ಗರಿಗಳನ್ನು ತಂದು ಮನೆಯ ಅಂಗಳದಲ್ಲೋ ಪಡಸಾಲೆಯ ಮೂಲೆಯಲ್ಲೋ ಗುಡ್ಲು ಹಾಕುತ್ತಿದ್ದನು. ಗುಡ್ಲು ಎಂದರೆ ಆಕೆ ಕೆಲವು ದಿನ ಪ್ರತ್ಯೇಕವಾಗಿ ಕೂರುವ ಎಲೆಯ ಗೂಡು. ಅವಳಿಗೆ ಬೇರೆ ಚಾಪೆ, ಬೇರೆ ತಟ್ಟೆ ಲೋಟ. ತಿನ್ನಲು ಕೊಬ್ಬರಿ ಬೆಲ್ಲ, ತುಪ್ಪ, ಎಳ್ಳು ಬೆಲ್ಲ ಕುಟ್ಟಿ ಕಟ್ಟಿದ ಚಿಗಳಿ ಉಂಡೆ. ಸಂಜೆಯಾದರೆ ನೆರೆಹೊರೆಯ ಮುತ್ತೈದೆಯರು ಬಂದು ಹಸೆಯ ಮೇಲೆ ಕೂರಿಸಿ, ಹೂ ಮುಡಿಸಿ, ಆರತಿ ಎತ್ತಿ, ಒಸಗೆಯ ಹಾಡು ಹೇಳುತ್ತಿದ್ದರು. ಈ ಆಚರಣೆಯನ್ನು ಕೇವಲ ಮೂಢನಂಬಿಕೆ ಎಂದು ತಳ್ಳಿಹಾಕುವುದು ನ್ಯಾಯವಲ್ಲ, ಏಕೆಂದರೆ ಬೆಳೆಯುವ ಮೈಗೆ ಬೇಕಾದ ಕಬ್ಬಿಣಾಂಶ, ಕೊಬ್ಬು, ವಿಶ್ರಾಂತಿ ಬಡ ಮನೆಯ ಹುಡುಗಿಗೂ ಕೆಲವು ದಿನವಾದರೂ ಸಿಗುವಂತೆ ಅದು ನೋಡಿಕೊಳ್ಳುತ್ತಿತ್ತು, ಆಕೆಗೆ ಆದದ್ದು ರೋಗವಲ್ಲ, ಸಂಭ್ರಮಪಡುವ ಸಂಗತಿ ಎಂಬ ಭರವಸೆಯನ್ನು ಊರಿನ ಹೆಂಗಸರೆಲ್ಲ ಸೇರಿ ಕೊಡುತ್ತಿದ್ದರು.

ಆದರೆ ಆ ಭರವಸೆ ಬರುತ್ತಿದ್ದುದು ನೆತ್ತರು ಕಂಡು ಹುಡುಗಿ ಬೆಚ್ಚಿಬಿದ್ದ ಮೇಲೆ. ಅದಕ್ಕೆ ಮುಂಚೆ ತಾಯಿಯೂ ಅಜ್ಜಿಯೂ ಬಾಯಿ ಬಿಡುತ್ತಿರಲಿಲ್ಲ. ಮಕ್ಕಳು ಕೇಳಿದರೆ ಕಾಗೆ ಮುಟ್ಟಿದೆ, ಹೊರಗೆ ಕೂತಿದ್ದಾಳೆ ಎಂಬ ಮರೆಮಾತಿನ ಉತ್ತರ ಸಿಗುತ್ತಿತ್ತು. ಆಮೇಲೆ ಸಿಗುತ್ತಿದ್ದ ಪಾಠವೂ ಹೆಚ್ಚಾಗಿ ಮಾಡಬಾರದವುಗಳ ಪಟ್ಟಿಯೇ ಆಗಿತ್ತು: ದೇವರ ಮನೆಗೆ ಕಾಲಿಡಬಾರದು, ತುಳಸಿಕಟ್ಟೆಯ ಹತ್ತಿರ ಹೋಗಬಾರದು, ಉಪ್ಪಿನಕಾಯಿ ಜಾಡಿ ಮುಟ್ಟಬಾರದು, ಗಂಡುಮಕ್ಕಳ ಜೊತೆ ಆಡಬಾರದು. ಗರ್ಭಕೋಶದ ಒಳಪದರವು ತಿಂಗಳಿಗೊಮ್ಮೆ ದಪ್ಪಗಾಗಿ, ಗರ್ಭ ನಿಲ್ಲದಿದ್ದಾಗ ಕಳಚಿ ಹೊರಬರುವುದೇ ಮುಟ್ಟು ಎಂಬ ಕಾರಣವಾಗಲಿ, ಹೊರಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರಿನಷ್ಟೇ ಎಂಬ ಅಳತೆಯಾಗಲಿ ಕಲಿಸುವ ಹೆಂಗಸರಿಗೇ ತಿಳಿದಿರಲಿಲ್ಲವಾದ್ದರಿಂದ, ಕಾರಣವಿರಬೇಕಾದ ಜಾಗವನ್ನು ಮೈಲಿಗೆಯ ಕಲ್ಪನೆ ತುಂಬಿಕೊಂಡಿತು. ಬಳಸುವ ಬಟ್ಟೆಯನ್ನು ಯಾರ ಕಣ್ಣಿಗೂ ಬೀಳದ ಕತ್ತಲೆಯ ಮೂಲೆಯಲ್ಲಿ ಒಣಗಿಸಬೇಕೆಂದು ಹೇಳಿಕೊಟ್ಟದ್ದಂತೂ ನೇರವಾದ ಹಾನಿಯನ್ನೇ ಮಾಡಿತು, ಏಕೆಂದರೆ ಬಿಸಿಲು ಕಾಣದೆ ಅರೆಬರೆ ಒಣಗಿದ ಬಟ್ಟೆ ತುರಿಕೆ ಮತ್ತು ಸೋಂಕಿಗೆ ದಾರಿಮಾಡಿಕೊಡುತ್ತದೆ.

ನಾಡಿನ ಪರಂಪರೆ ಈ ವಿಷಯದಲ್ಲಿ ಒಂದೇ ದನಿಯಲ್ಲಿ ಮಾತಾಡಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಹನ್ನೆರಡನೆಯ ಶತಮಾನದ ಶರಣರು ಹುಟ್ಟು, ಸಾವು, ಜಾತಿ, ಎಂಜಲುಗಳ ಸೂತಕದ ಜೊತೆಗೆ ರಜಸ್ಸಿನ, ಅಂದರೆ ಮುಟ್ಟಿನ, ಸೂತಕವನ್ನೂ ನಿರಾಕರಿಸಿದರು. ಲಿಂಗವನ್ನು ಮೈಮೇಲೆ ಧರಿಸಿದ ಹೆಣ್ಣಿಗೆ ಆ ಮೂರು ದಿನಗಳಲ್ಲೂ ಪೂಜೆ ನಿಲ್ಲಬೇಕಾಗಿಲ್ಲ ಎಂಬುದು ಆ ಕಾಲಕ್ಕೆ ಅಸಾಧಾರಣವಾದ ನಿಲುವು. ತುಳುನಾಡಿನಲ್ಲಿ ಫೆಬ್ರವರಿಯ ಹೊತ್ತಿಗೆ ಬರುವ ಕೆಡ್ಡಸ ಎಂಬ ಹಬ್ಬದಲ್ಲಿ ಭೂಮಿತಾಯಿ ಮುಟ್ಟಾಗಿದ್ದಾಳೆಂದು ಭಾವಿಸಿ ನೆಲವನ್ನು ಅಗೆಯದೆ, ಉಳದೆ ಬಿಡುತ್ತಾರೆ ಮತ್ತು ಕೊನೆಗೆ ಅವಳಿಗೆ ಎಣ್ಣೆ, ಸೀಗೆಯಂಥ ಸ್ನಾನದ ಸಾಮಗ್ರಿಗಳನ್ನು ಅರ್ಪಿಸುತ್ತಾರೆ. ಮುಟ್ಟನ್ನು ಫಲವಂತಿಕೆಯೊಂದಿಗೆ ಬೆಸೆದು, ಗಂಡು ಹೆಣ್ಣೆನ್ನದೆ ಇಡೀ ಮನೆಗೆ ತಿಳಿಯುವಂತೆ ಹೇಳುವ ಇಂಥ ಆಚರಣೆಗಳು ಕಡಿಮೆ. ಇದಕ್ಕೆ ತೀರ ವಿರುದ್ಧವಾಗಿ, ತುಮಕೂರು, ಚಿತ್ರದುರ್ಗದ ಕಡೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿರಿಸುವ ಪದ್ಧತಿ ಈ ಶತಮಾನದಲ್ಲೂ ಉಳಿದುಕೊಂಡಿದೆ. ಸರ್ಕಾರ ಅವರಿಗಾಗಿ ಕೃಷ್ಣ ಕುಟೀರಗಳೆಂಬ ಕಟ್ಟಡಗಳನ್ನು ಕಟ್ಟಿಸಿದ್ದು ಮಳೆ, ಹಾವುಗಳಿಂದ ರಕ್ಷಣೆ ಕೊಟ್ಟಿತೇ ಹೊರತು ಹೊರಗೆ ಕೂರಬೇಕೆಂಬ ನಂಬಿಕೆಯನ್ನು ಪ್ರಶ್ನಿಸಲಿಲ್ಲ.

ಹರೆಯದ ಶಿಕ್ಷಣ ಎಂಬುದು ಒಂದು ಅಗತ್ಯವಾಗಿ ಹುಟ್ಟಿಕೊಂಡದ್ದರ ಹಿಂದೆ ಮದುವೆಯ ವಯಸ್ಸಿನ ಚರಿತ್ರೆಯಿದೆ. ಬಾಲ್ಯವಿವಾಹ ರೂಢಿಯಲ್ಲಿದ್ದ ಜಾತಿಗಳಲ್ಲಿ ಹುಡುಗಿ ಋತುಮತಿಯಾಗುವ ಮೊದಲೇ ಮದುವೆ ಮುಗಿದಿರುತ್ತಿತ್ತು; ಮೊದಲ ಮುಟ್ಟಿನ ಸುದ್ದಿ ಗಂಡನ ಮನೆಗೆ ತಲುಪಿದೊಡನೆ ಪ್ರಸ್ತದ, ಅಂದರೆ ಗಂಡಹೆಂಡಿರನ್ನು ಮೊದಲ ಬಾರಿಗೆ ಕೂಡಿಸುವ ಶಾಸ್ತ್ರದ, ಸಿದ್ಧತೆ ಆರಂಭವಾಗುತ್ತಿತ್ತು. ಮೈನೆರೆಯುವುದಕ್ಕೂ ದಾಂಪತ್ಯಕ್ಕೂ ನಡುವೆ ಕೆಲವು ದಿನ ಅಥವಾ ತಿಂಗಳುಗಳಷ್ಟೇ ಅಂತರವಿದ್ದಾಗ, ಆ ಹುಡುಗಿಗೆ ತನ್ನ ಮೈಯ ಕುರಿತು ತನಗಾಗಿಯೇ ತಿಳಿದುಕೊಳ್ಳುವ ಕಾಲವೇ ಇರಲಿಲ್ಲ. 1890ರಲ್ಲಿ ಕಲ್ಕತ್ತೆಯಲ್ಲಿ ಫೂಲ್‌ಮಣಿ ಎಂಬ ಹತ್ತು ಹನ್ನೊಂದು ವರ್ಷದ ಹುಡುಗಿ ವಯಸ್ಸಿನಲ್ಲಿ ತನಗಿಂತ ಬಹಳ ಹಿರಿಯನಾದ ಗಂಡನ ಬಲಾತ್ಕಾರದಿಂದ ಸತ್ತಳು. ಮರುವರ್ಷ ಬಂದ ಸಮ್ಮತಿ ವಯಸ್ಸಿನ ಕಾಯಿದೆ ಹತ್ತು ವರ್ಷವಿದ್ದ ಮಿತಿಯನ್ನು ಹನ್ನೆರಡಕ್ಕೆ ಏರಿಸಿದಾಗ, ಅಷ್ಟಕ್ಕೇ ದೇಶದ ಉದ್ದಗಲಕ್ಕೂ ಧರ್ಮಕ್ಕೆ ಕುತ್ತು ಬಂತೆಂಬ ಕೂಗೆದ್ದಿತು. ಮೈಸೂರು ಸಂಸ್ಥಾನ 1894ರಲ್ಲಿ ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಎಂಟು ವರ್ಷಕ್ಕಿಂತ ಚಿಕ್ಕ ಹುಡುಗಿಯರ ಮದುವೆಯನ್ನು ನಿಷೇಧಿಸುವ ಕಾನೂನು ತಂದಿತು. ಎಂಟು ಎಂಬ ಸಂಖ್ಯೆ ಇಂದು ದಿಗಿಲು ಹುಟ್ಟಿಸಿದರೂ, ರಾಜ್ಯವು ಹೆಣ್ಣುಮಗುವಿನ ಮೈಯ ಕಾವಲಿಗೆ ನಿಂತ ಆರಂಭದ ಹೆಜ್ಜೆಗಳಲ್ಲಿ ಅದೂ ಒಂದು. 1929ರ ಶಾರದಾ ಕಾಯಿದೆ ಹುಡುಗಿಗೆ 14, ಹುಡುಗನಿಗೆ 18 ಎಂದು ಗೊತ್ತುಪಡಿಸಿತು. 1978ರ ತಿದ್ದುಪಡಿಯ ಮೂಲಕ ಅದು 18 ಮತ್ತು 21 ಆಯಿತು.

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿಯನ್ನು ಓದಿದವರಿಗೆ ಈ ಕಾನೂನುಗಳ ಬೆಲೆ ಚೆನ್ನಾಗಿ ಅರ್ಥವಾಗುತ್ತದೆ. ಮಗುವಾಗಿರುವಾಗಲೇ ಮದುವೆಯಾಗಿ, ಮಗುವಾಗಿರುವಾಗಲೇ ಗಂಡನನ್ನು ಕಳೆದುಕೊಂಡ ಫಣಿಯಮ್ಮನಿಗೆ ಮೈನೆರೆದಾಗ ಸಿಕ್ಕಿದ್ದು ಆರತಿಯಲ್ಲ, ತಲೆ ಬೋಳಿಸಿ ಮಡಿ ಹೆಂಗಸನ್ನಾಗಿ ಮಾಡಿದ ಶಾಸ್ತ್ರ. ದೇಹದ ಅದೇ ಸಹಜ ಬದಲಾವಣೆಯನ್ನು ಒಬ್ಬಳಿಗೆ ಶುಭವೆಂದೂ ಇನ್ನೊಬ್ಬಳಿಗೆ ದಂಡನೆಯೆಂದೂ ಕಲಿಸಿದ ಸಮಾಜವು ಹುಡುಗಿಯ ಮೈಯನ್ನು ಎಂದೂ ಅವಳದೆಂದು ಎಣಿಸಿರಲಿಲ್ಲ, ಅದು ಗಂಡನ ಮನೆತನದ ಸ್ವತ್ತೆಂದೇ ಎಣಿಸಿತ್ತು. ಮದುವೆಯ ವಯಸ್ಸು ಏರುತ್ತ ಹೋದಂತೆ, ಮೊದಲ ಮುಟ್ಟಿಗೂ ಮದುವೆಗೂ ನಡುವೆ ಐದು, ಆರು, ಹತ್ತು ವರ್ಷಗಳ ಹೊಸ ಅವಧಿಯೊಂದು ತೆರೆದುಕೊಂಡಿತು. ಹುಡುಗಿ ಶಾಲೆಗೆ ಹೋಗುತ್ತ, ಆಡುತ್ತ, ಓದುತ್ತ ಕಳೆಯುವ ಆ ವರ್ಷಗಳಿಗೆ ಹಳೆಯ ಆಚರಣೆಯಲ್ಲಿ ಯಾವ ಪಾಠವೂ ಇರಲಿಲ್ಲ. ಹೊಸ ಪಾಠವನ್ನು ಬರೆಯಬೇಕಾಗಿದ್ದ ಶಾಲೆ ಮತ್ತು ಸರ್ಕಾರಗಳು ಬಹುಕಾಲ ಆ ಕೆಲಸಕ್ಕೆ ಕೈಹಾಕಲಿಲ್ಲ.

ಹುಡುಗರ ಕಥೆ ಬೇರೆಯೇ ಬಗೆಯದು. ಅವರಿಗೆ ಗುಡ್ಲಿಲ್ಲ, ಆರತಿಯಿಲ್ಲ, ಚಿಗಳಿಯಿಲ್ಲ. ಕೆಲವು ಜಾತಿಗಳ ಉಪನಯನವು ವಿದ್ಯಾರಂಭದ ಸಂಸ್ಕಾರವಾಗಿತ್ತೇ ಹೊರತು ಮೈಯ ಬದಲಾವಣೆಯ ಕುರಿತು ಅದರಲ್ಲಿ ವಿವರಣೆ ಇರಲಿಲ್ಲ. ಹಳೆ ಮೈಸೂರಿನ ಗರಡಿಮನೆಗಳಲ್ಲಿ ಉಸ್ತಾದರು ಹುಡುಗರಿಗೆ ಸಾಮು, ಆಹಾರ, ನಿದ್ರೆಗಳ ಶಿಸ್ತಿನ ಜೊತೆಗೆ ಆಂಜನೇಯನನ್ನು ಆದರ್ಶವಾಗಿಟ್ಟು ಬ್ರಹ್ಮಚರ್ಯವನ್ನು ಬೋಧಿಸುತ್ತಿದ್ದರು, ಮತ್ತು ಹುಡುಗನೊಬ್ಬ ಹಿರಿಯ ಗಂಡಸಿನಿಂದ ತನ್ನ ಮೈಯ ಕುರಿತು ಕೇಳಿಸಿಕೊಳ್ಳಬಹುದಾಗಿದ್ದ ಕೆಲವೇ ಜಾಗಗಳಲ್ಲಿ ಅದು ಒಂದಾಗಿತ್ತು. ಆದರೆ ಅಲ್ಲಿಯ ಬೋಧನೆಯ ತಳದಲ್ಲಿ ಒಂದು ತಪ್ಪು ಲೆಕ್ಕವಿತ್ತು: ವೀರ್ಯದ ಒಂದು ಹನಿ ರಕ್ತದ ಹತ್ತಾರು ಹನಿಗಳಿಂದಾದ ಸಾರ, ಅದು ಹೋದರೆ ಬಲ, ಬುದ್ಧಿ, ಆಯುಷ್ಯ ಎಲ್ಲವೂ ಹೋಗುತ್ತದೆ ಎಂಬ ನಂಬಿಕೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅನೇಕ ಭಾರತೀಯ ಭಾಷೆಗಳಲ್ಲಿ ಅಚ್ಚಾದ ಬ್ರಹ್ಮಚರ್ಯದ ಪುಸ್ತಕಗಳು ಇದೇ ನಂಬಿಕೆಯನ್ನು ರಾಷ್ಟ್ರಕಟ್ಟುವ ಉತ್ಸಾಹದೊಂದಿಗೆ ಬೆರೆಸಿ ಹರಡಿದವು.

ನಿಜಸಂಗತಿ ಸರಳವಾಗಿದೆ. ವೃಷಣಗಳು ವೀರ್ಯಾಣುಗಳನ್ನು ಎಡೆಬಿಡದೆ ಉತ್ಪಾದಿಸುತ್ತಿರುತ್ತವೆ, ಹದಿಹರೆಯದಲ್ಲಿ ನಿದ್ರೆಯಲ್ಲಿ ಆಗುವ ಸ್ಖಲನವು ಆರೋಗ್ಯದ ಲಕ್ಷಣವೇ ಹೊರತು ರೋಗವಲ್ಲ, ಅದರಿಂದ ಯಾವ ಶಕ್ತಿಯೂ ಸೋರಿಹೋಗುವುದಿಲ್ಲ. ಇಷ್ಟು ಮಾತನ್ನು ಯಾರೂ ಹೇಳದೆ ಹೋದದ್ದರಿಂದ ಎಷ್ಟೋ ಹುಡುಗರು ಬಳಲಿಕೆ, ತಲೆನೋವು, ಅಪರಾಧಪ್ರಜ್ಞೆಗಳಲ್ಲಿ ವರ್ಷಗಟ್ಟಲೆ ನರಳಿದರು. ಭಾರತದ ಹೆಸರಾಂತ ಮನೋವೈದ್ಯ ಎನ್.ಎನ್. ವಿಗ್ ಅವರು ಈ ಸಂಕಟವನ್ನು ಗುರುತಿಸಿ 1960ರಲ್ಲಿ ಅದಕ್ಕೆ ಧಾತ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಧಾತು ನಷ್ಟವಾಗುತ್ತಿದೆ ಎಂಬ ಭಯವೇ ಕಾಯಿಲೆಯ ರೂಪ ತಾಳುವ ಸ್ಥಿತಿ ಅದು, ಅದರ ಚಿಕಿತ್ಸೆಯಲ್ಲಿ ಔಷಧಿಗಿಂತ ತಿಳಿವಳಿಕೆಗೇ ಮೊದಲ ಸ್ಥಾನ. ಅಪಾರ ಸಂಖ್ಯೆಯ ಹುಡುಗರು ಆ ತಿಳಿವಳಿಕೆಗಾಗಿ ವೈದ್ಯರ ಬಳಿಗೆ ಹೋಗಲಿಲ್ಲ, ಬಸ್ ನಿಲ್ದಾಣದ ಗೋಡೆಯ ಮೇಲೆ ಗುಪ್ತರೋಗ, ನರದೌರ್ಬಲ್ಯ ಎಂದು ಬರೆಸಿದ ಲಾಡ್ಜಿನ ವೈದ್ಯರ ಬಳಿಗೆ ಹೋಗಿ ಕೈಯಲ್ಲಿದ್ದ ಕಾಸನ್ನೂ ಧೈರ್ಯವನ್ನೂ ಕಳೆದುಕೊಂಡರು. ಹುಡುಗಿಯರ ಪಾಡಿನ ಕುರಿತು ಈಗ ಒಂದಿಷ್ಟು ಮಾತು ನಡೆಯುತ್ತಿದೆ. ಹುಡುಗರು ಅನುಭವಿಸಿದ ಈ ಒಂಟಿತನದ ಕುರಿತು ಇಂದಿಗೂ ಸಾಕಷ್ಟು ಬರೆದವರಿಲ್ಲ.

ವಿಜ್ಞಾನವೂ ಈ ವಿಷಯದಲ್ಲಿ ಬಹಳ ಹಿಂದಿನಿಂದ ಸಿದ್ಧವಾಗಿತ್ತೆಂದು ತಿಳಿಯಬಾರದು. ಸುಶ್ರುತ ಸಂಹಿತೆಯು ರಜಸ್ಸು ಹನ್ನೆರಡರಲ್ಲಿ ಆರಂಭವಾಗಿ ಐವತ್ತರಲ್ಲಿ ನಿಲ್ಲುತ್ತದೆಂದು ಸರಿಯಾಗಿಯೇ ಗಮನಿಸಿದ್ದರೂ, ಅಂಡಾಶಯದಿಂದ ಅಂಡಾಣು ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮೊದಲು ಎಂಬುದು ಜಪಾನಿನ ಓಗಿನೊ ಮತ್ತು ಆಸ್ಟ್ರಿಯಾದ ಕ್ನಾಸ್ ಎಂಬ ವೈದ್ಯರು 1920ರ ದಶಕದಲ್ಲಿ ಬೇರೆ ಬೇರೆಯಾಗಿ ಮಾಡಿದ ಅಧ್ಯಯನಗಳ ನಂತರವಷ್ಟೇ ಖಚಿತವಾಯಿತು. ಹರೆಯದ ಬೆಳವಣಿಗೆಯನ್ನು ಹಂತಹಂತವಾಗಿ ಅಳೆಯುವ, ಇಂದಿಗೂ ಮಕ್ಕಳ ವೈದ್ಯರು ಬಳಸುವ ಕ್ರಮವನ್ನು ಬ್ರಿಟನ್ನಿನ ಜೇಮ್ಸ್ ಟ್ಯಾನರ್ ರೂಪಿಸಿದ್ದು ಎರಡನೆಯ ಮಹಾಯುದ್ಧದ ನಂತರ. ಹೀಗಾಗಿ 1930ರಲ್ಲಿ ಮೈಸೂರು ಸರ್ಕಾರ ಸಂತಾನ ನಿಯಂತ್ರಣದ ಸರ್ಕಾರಿ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶ ಹೊರಡಿಸಿ ಜಗತ್ತಿಗೇ ಮಾದರಿಯಾದಾಗ, ಅದು ಅಂದಿನ ಹೊಚ್ಚಹೊಸ ಅರಿವಿನೊಂದಿಗೆ ಹೆಜ್ಜೆ ಹಾಕುತ್ತಿತ್ತು. ಅದಕ್ಕೂ ಮೊದಲು 1921ರಲ್ಲಿ ಮುಂಬಯಿಯಲ್ಲಿ ಇಂಥದೇ ಚಿಕಿತ್ಸಾಲಯ ತೆರೆದ ರಘುನಾಥ ಧೋಂಡೋ ಕರ್ವೆ, 1927ರಿಂದ 1953ರಲ್ಲಿ ತೀರಿಕೊಳ್ಳುವವರೆಗೆ ‘ಸಮಾಜ ಸ್ವಾಸ್ಥ್ಯ’ ಎಂಬ ಮರಾಠಿ ಮಾಸಪತ್ರಿಕೆಯನ್ನು ಮೊಕದ್ದಮೆಗಳನ್ನೆದುರಿಸುತ್ತಲೇ ನಡೆಸಿದರು. ಈ ಎರಡೂ ಪ್ರಯತ್ನಗಳು ಗೌರವಕ್ಕೆ ಅರ್ಹವಾದವು. ಆದರೆ ಎರಡೂ ಮುಖ್ಯವಾಗಿ ಮಾತಾಡಿದ್ದು ಮದುವೆಯಾದ ವಯಸ್ಕರೊಂದಿಗೆ.

ಸ್ವಾತಂತ್ರ್ಯಾನಂತರವೂ ಇದೇ ರೂಢಿ ಮುಂದುವರಿಯಿತು. 1960ರ ದಶಕದಿಂದ ಹಳ್ಳಿ ಹಳ್ಳಿಯ ಗೋಡೆಗಳ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಕಾಣಿಸಿಕೊಂಡಿತು, ಆರತಿಗೊಬ್ಬಳು ಕೀರ್ತಿಗೊಬ್ಬ ಎಂಬ ಘೋಷಣೆ ಮಕ್ಕಳ ಬಾಯಿಗೂ ಬಂದಿತು, ಆದರೆ ಆ ಘೋಷಣೆಯನ್ನು ಕೂಗುತ್ತಿದ್ದ ಹನ್ನೆರಡರ ಹುಡುಗಿಗೆ ತನ್ನ ಮೈಯಲ್ಲಿ ಆಗುತ್ತಿದ್ದುದರ ವಿವರ ಯಾವ ಗೋಡೆಯ ಮೇಲೂ ಸಿಗಲಿಲ್ಲ. 1980ರಲ್ಲಿ ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ ನೆರವಿನಿಂದ ಶಾಲೆಗಳಿಗೆ ಬಂದ ರಾಷ್ಟ್ರೀಯ ಜನಸಂಖ್ಯಾ ಶಿಕ್ಷಣ ಯೋಜನೆಯು ಪಠ್ಯಪುಸ್ತಕಗಳಲ್ಲಿ ಜನಸಂಖ್ಯಾ ಸ್ಫೋಟ, ಚಿಕ್ಕ ಕುಟುಂಬ, ಸಂಪನ್ಮೂಲಗಳ ಕೊರತೆಯ ಕುರಿತು ಪಾಠಗಳನ್ನು ಸೇರಿಸಿತು. ದೇಶದ ಲೆಕ್ಕದಲ್ಲಿ ಮಗು ಒಂದು ಸಂಖ್ಯೆಯಾಗಿ ಅಲ್ಲಿ ಸ್ಥಾನ ಪಡೆಯಿತು. ತನ್ನ ಮೈಯ ಕುರಿತು ಪ್ರಶ್ನೆಗಳಿರುವ ವ್ಯಕ್ತಿಯಾಗಿ ಅದಕ್ಕೆ ಸ್ಥಾನ ಸಿಗಲು ಇನ್ನೂ ಕಾಯಬೇಕಾಯಿತು, ಮತ್ತು 1993ರಲ್ಲಿ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು, ಅಂದರೆ ಎನ್‌ಸಿಇಆರ್‌ಟಿ, ಹದಿಹರೆಯದ ಶಿಕ್ಷಣಕ್ಕೆಂದೇ ರಾಷ್ಟ್ರಮಟ್ಟದ ವಿಚಾರಗೋಷ್ಠಿ ನಡೆಸುವವರೆಗೆ ಈ ವಿಷಯಕ್ಕೆ ಶಿಕ್ಷಣ ವಲಯದಲ್ಲಿ ಸ್ವಂತ ಹೆಸರೂ ಇರಲಿಲ್ಲ.

ತರಗತಿಯೊಳಗೆ ನಡೆಯುತ್ತಿದ್ದುದು ಇನ್ನೂ ಕಡಿಮೆ. ಪ್ರೌಢಶಾಲೆಯ ಜೀವಶಾಸ್ತ್ರದ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಅಧ್ಯಾಯವಿರುತ್ತಿತ್ತು. ದಾಸವಾಳದ ಹೂವಿನ ಕೇಸರ, ಶಲಾಕೆಗಳನ್ನು ಬಿಡಿಸಿ ಬಿಡಿಸಿ ತೋರಿಸುತ್ತಿದ್ದ ಮೇಷ್ಟರು, ಮನುಷ್ಯರ ಪುಟ ಬಂದೊಡನೆ ಮನೆಯಲ್ಲಿ ಓದಿಕೊಳ್ಳಿ ಎಂದು ಮುಂದಿನ ಪಾಠಕ್ಕೆ ಹೋಗುತ್ತಿದ್ದುದು ಎಷ್ಟೋ ಶಾಲೆಗಳ ಅನುಭವ. ಅವರನ್ನು ದೂರುವುದು ಸುಲಭ. ಆದರೆ ಶಿಕ್ಷಕರ ತರಬೇತಿಯಲ್ಲಿ ಈ ಪಾಠವನ್ನು ಯಾವ ಮಾತಿನಲ್ಲಿ, ಯಾವ ಧಾಟಿಯಲ್ಲಿ ಹೇಳಬೇಕೆಂದು ಅವರಿಗೂ ಯಾರೂ ತೋರಿಸಿಕೊಟ್ಟಿರಲಿಲ್ಲ. ಪಟ್ಟಣದ ಶಾಲೆಗಳಿಗೆ ಸ್ಯಾನಿಟರಿ ಪ್ಯಾಡ್ ತಯಾರಿಸುವ ಕಂಪನಿಗಳ ಪ್ರತಿನಿಧಿಗಳು ಬರತೊಡಗಿದ ಮೇಲೆ ಹುಡುಗಿಯರನ್ನು ಬೇರೆ ಕೋಣೆಗೆ ಕರೆದೊಯ್ದು, ಬಾಗಿಲು ಮುಚ್ಚಿ, ಚಿತ್ರ ತೋರಿಸಿ, ಒಂದು ಪ್ಯಾಕೆಟ್ಟು ಕೊಟ್ಟು ಕಳುಹಿಸುವ ಕ್ರಮ ಹುಟ್ಟಿಕೊಂಡಿತು. ಇದಕ್ಕೆ ಅಮೆರಿಕದಲ್ಲಿ ಹಳೆಯ ಮಾದರಿಯಿತ್ತು: ಅಲ್ಲಿ 1946ರಲ್ಲೇ ವಾಲ್ಟ್ ಡಿಸ್ನಿ ಸಂಸ್ಥೆಯು ಕೋಟೆಕ್ಸ್ ಪ್ಯಾಡ್ ತಯಾರಕರಿಗಾಗಿ ಮುಟ್ಟಿನ ಕುರಿತ ಹತ್ತು ನಿಮಿಷದ ಬಣ್ಣದ ಕಾರ್ಟೂನ್ ಚಿತ್ರವನ್ನು ತಯಾರಿಸಿತ್ತು, ಅದು ದಶಕಗಳ ಕಾಲ ಶಾಲೆಗಳಲ್ಲಿ ಓಡಿತು. ಕಂಪನಿಯ ಪಾಠದಲ್ಲಿ ತಿಳಿವಳಿಕೆಯೂ ಇತ್ತು ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಅದರಲ್ಲಿ ಕಲೆ ಕಾಣದಂತೆ ಮುಚ್ಚಿಡುವುದಕ್ಕೆ ಕೊಟ್ಟ ಒತ್ತು ಮೈಯನ್ನು ಅರಿಯುವುದಕ್ಕೆ ಇರಲಿಲ್ಲ, ಮತ್ತು ಆ ಮುಚ್ಚಿದ ಬಾಗಿಲಿನ ಹೊರಗೆ ನಿಂತ ಹುಡುಗರು ಕಲಿತದ್ದು ಕುತೂಹಲವನ್ನೂ ಕೀಟಲೆಯನ್ನೂ ಮಾತ್ರ.

ಈ ನಿರ್ವಾತದಲ್ಲಿ ಕನ್ನಡಕ್ಕೆ ನಿಜವಾದ ಶಾಲೆಯಾದದ್ದು ವೈದ್ಯಲೇಖಕರ ಬರಹ. ತೀರ್ಥಹಳ್ಳಿಯಲ್ಲಿ 1934ರಲ್ಲಿ ಹುಟ್ಟಿದ ಡಾ. ಅನುಪಮಾ ನಿರಂಜನ ಅವರು ವೈದ್ಯವೃತ್ತಿಯ ಜೊತೆಗೆ ಕಾದಂಬರಿಗಳನ್ನೂ ಬರೆದವರು. ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’, ‘ವಧುವಿಗೆ ಕಿವಿಮಾತು’, ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ಯಂಥ ಅವರ ಪುಸ್ತಕಗಳು ಮದುವೆಯ ಉಡುಗೊರೆಯಾಗಿಯೂ ಮನೆಯ ಕಪಾಟಿನ ಆಸ್ತಿಯಾಗಿಯೂ ಕನ್ನಡದ ಸಾವಿರಾರು ಹೆಂಗಸರ ಕೈ ಸೇರಿದವು. ಅವುಗಳಲ್ಲಿ ಈ ಚರ್ಚೆಗೆ ಅತ್ಯಂತ ಮುಖ್ಯವಾದುದು ‘ಕೇಳು ಕಿಶೋರಿ’, ಏಕೆಂದರೆ ಅದು ಪತ್ನಿಗಾಗಲಿ ತಾಯಿಗಾಗಲಿ ಬರೆದದ್ದಲ್ಲ, ಹದಿಹರೆಯದ ಹುಡುಗಿಯನ್ನೇ ಎದುರಿಗೆ ಕೂರಿಸಿಕೊಂಡು ಬರೆದದ್ದು. ವೈದ್ಯೆಯ ಖಚಿತತೆ ಮತ್ತು ಕಥೆಗಾರ್ತಿಯ ಆಪ್ತ ಕನ್ನಡ ಒಂದೇ ಕೈಯಲ್ಲಿ ಕೂಡಿದ್ದರಿಂದ ಅವರ ಬರಹವು ನಾಚಿಕೆ ಹುಟ್ಟಿಸದೆ, ಉಪದೇಶದ ಭಾರ ಹೊರಿಸದೆ ವಿಷಯವನ್ನು ಹೇಳಬಲ್ಲದಾಗಿತ್ತು. ‘ಕೊರವಂಜಿ’ಯ ಸಂಪಾದಕರಾಗಿ ನಾಡನ್ನು ನಗಿಸಿದ ಡಾ. ಎಂ. ಶಿವರಾಂ, ಅಂದರೆ ರಾಶಿ, ‘ಮನಮಂಥನ’ದಂಥ ಕೃತಿಯ ಮೂಲಕ ಮನಸ್ಸಿನ ವಿಜ್ಞಾನವನ್ನು ಕನ್ನಡದ ಸಾಮಾನ್ಯ ಓದುಗರಿಗೆ ತಂದುಕೊಟ್ಟು, ದೇಹ ಮತ್ತು ಮನಸ್ಸಿನ ಸಂಗತಿಗಳನ್ನು ಭಯವಿಲ್ಲದೆ ಚರ್ಚಿಸುವ ವಾತಾವರಣಕ್ಕೆ ನೆರವಾದರು. ಇವರ ನಂತರ ವಾರಪತ್ರಿಕೆಗಳ ವೈದ್ಯಕೀಯ ಪ್ರಶ್ನೋತ್ತರ ಅಂಕಣಗಳು ಹೆಸರು ಮರೆಸಿ ಬರೆದ ಯುವಕ ಯುವತಿಯರಿಗೆ ಉತ್ತರ ಕೊಡುತ್ತ ಬಂದವು. ಇಂಥ ಬರಹಕ್ಕೆ ವಿಶ್ವವಿದ್ಯಾಲಯಗಳ ಸಾಹಿತ್ಯ ಚರಿತ್ರೆಯಲ್ಲಿ ಅಡಿಟಿಪ್ಪಣಿಯ ಜಾಗವೂ ಸಿಗದಿರುವುದು ದೊಡ್ಡ ಅನ್ಯಾಯ. ಅದರ ಮಿತಿಯೆಂದರೆ ಒಂದೇ: ಪುಸ್ತಕ ಕೊಳ್ಳಬಲ್ಲ, ಪತ್ರಿಕೆ ತರಿಸಬಲ್ಲ, ಓದಲು ಬಲ್ಲ ಮನೆಗಳಿಗಷ್ಟೇ ಅದು ತಲುಪಿತು.

ಸರ್ಕಾರ ಕೊನೆಗೂ ಶಾಲೆಯ ಬಾಗಿಲು ತಟ್ಟಿದ್ದು ಏಡ್ಸ್‌ನ ಭಯದಿಂದ. 1986ರಲ್ಲಿ ಮದ್ರಾಸಿನಲ್ಲಿ ದೇಶದ ಮೊದಲ ಎಚ್‌ಐವಿ ಸೋಂಕುಗಳು ಪತ್ತೆಯಾದವು; ಮುಂದಿನ ವರ್ಷಗಳಲ್ಲಿ ಸೋಂಕು ಹೆಚ್ಚಾಗಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಸೇರಿತ್ತು. 2005ರ ಹೊತ್ತಿಗೆ ಕೇಂದ್ರದ ಮಾನವ ಸಂಪನ್ಮೂಲ ಸಚಿವಾಲಯ ಮತ್ತು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಕೂಡಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಪ್ರೌಢಶಾಲೆಗಳಿಗೆ ತಂದವು. ಅದರ ಬೋಧನಾ ಸಾಮಗ್ರಿಯಲ್ಲಿದ್ದ ದೇಹದ ಚಿತ್ರಗಳು ವಿವಾದಕ್ಕೆ ಗುರಿಯಾಗಿ, ಇದು ಸಂಸ್ಕೃತಿಗೆ ವಿರುದ್ಧ, ಮಕ್ಕಳನ್ನು ದಾರಿ ತಪ್ಪಿಸುತ್ತದೆ ಎಂಬ ಆಕ್ಷೇಪಗಳೆದ್ದು, 2007ರಲ್ಲಿ ಮಹಾರಾಷ್ಟ್ರ, ಮಧ್ಯಪ್ರದೇಶ, ಗುಜರಾತ್‌ಗಳ ಜೊತೆಗೆ ಕರ್ನಾಟಕವೂ ಆ ಕಾರ್ಯಕ್ರಮವನ್ನು ನಿಲ್ಲಿಸಿತು. 2009ರಲ್ಲಿ ಎಂ. ವೆಂಕಯ್ಯ ನಾಯ್ಡು ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿಗಳ ಸಮಿತಿ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಬೇಡವೆಂದೇ ವರದಿ ಕೊಟ್ಟಿತು.

ಆ ವಿವಾದದಲ್ಲಿ ಪಾಲಕರ ಆತಂಕವನ್ನು ಹಗುರವಾಗಿ ಕಾಣಬೇಕಾಗಿಲ್ಲ. ಮಕ್ಕಳ ಕೈಗೆ ಏನು ಬರುತ್ತಿದೆ ಎಂದು ತಿಳಿಯುವ ಹಕ್ಕು ಅವರಿಗಿತ್ತು, ಅವರೊಂದಿಗೆ ಮೊದಲೇ ಮಾತಾಡದೆ ದೆಹಲಿಯಲ್ಲಿ ಸಿದ್ಧಪಡಿಸಿದ ಸಾಮಗ್ರಿಯನ್ನು ತಂದಿಟ್ಟದ್ದು ಅವಸರದ ಕೆಲಸವೇ ಆಗಿತ್ತು. ಆದರೆ ಹೆಚ್ಚು ಆಳವಾದ ತಪ್ಪು ಬೇರೆ ಕಡೆ ಇತ್ತು. ಮೊದಲು ಜನಸಂಖ್ಯೆಯ ಭಯ, ಆಮೇಲೆ ಏಡ್ಸ್‌ನ ಭಯ, ದೆಹಲಿಯ 2012ರ ಅತ್ಯಾಚಾರ ಪ್ರಕರಣದ ನಂತರ ನ್ಯಾಯಮೂರ್ತಿ ವರ್ಮಾ ಸಮಿತಿಯ ಶಿಫಾರಸಿನಲ್ಲಿ ಅಪರಾಧದ ಭಯ. ಪ್ರತಿ ಸಲವೂ ವಯಸ್ಕರ ಯಾವುದೋ ಒಂದು ಭೀತಿಗೆ ಮದ್ದಾಗಿಯೇ ಈ ಪಾಠ ಶಾಲೆಗೆ ಬಂದಿದೆ. ಶಾಲೆಯಲ್ಲಿ ಈ ಪಾಠ ಬೇಕೆಂಬ ಆ ಸಮಿತಿಯ ಶಿಫಾರಸು ಸರಿಯಾದುದೇ. ಆದರೂ ತನ್ನ ಮೈಯಲ್ಲಿ ಏನಾಗುತ್ತಿದೆ ಎಂದು ತಿಳಿಯುವುದು ಮಗುವಿನ ಹಕ್ಕು, ಅದಕ್ಕೆ ಬೇರೆ ಯಾವ ಸಮರ್ಥನೆಯೂ ಬೇಡ ಎಂಬ ನೆಲೆಯಿಂದ ಯಾವ ದೊಡ್ಡ ಕಾರ್ಯಕ್ರಮವೂ ಹೊರಟಿಲ್ಲ. ಭಯದ ಬೆನ್ನೇರಿ ಬಂದ ಪಾಠವನ್ನು ಇನ್ನೊಂದು ಭಯ ಹೊರಗೆ ಹಾಕುವುದು ಕಷ್ಟವಾಗಲಿಲ್ಲ.

ಇತ್ತೀಚಿನ ಹದಿನೈದು ವರ್ಷಗಳಲ್ಲಿ ಕೆಲವು ಸಂಗತಿಗಳು ಖಂಡಿತವಾಗಿ ಸುಧಾರಿಸಿವೆ. ಕರ್ನಾಟಕವು 2013-14ರಲ್ಲಿ ಶುಚಿ ಯೋಜನೆಯ ಮೂಲಕ ಸರ್ಕಾರಿ ಶಾಲೆಗಳ ಹುಡುಗಿಯರಿಗೆ ಉಚಿತ ಪ್ಯಾಡ್ ಕೊಡಲಾರಂಭಿಸಿತು. ಕೋವಿಡ್ ಕಾಲದಿಂದ ಕೆಲವು ವರ್ಷ ನಿಂತುಹೋಗಿದ್ದ ಅದು 2024ರಲ್ಲಿ ಮತ್ತೆ ಆರಂಭವಾಯಿತು. 2014ರಲ್ಲಿ ಬಂದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವು ಹುಡುಗರನ್ನೂ ಸೇರಿಸಿಕೊಂಡು, ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆ ಆಪ್ತಸಲಹೆ ಸಿಗುವ ವ್ಯವಸ್ಥೆಯನ್ನು ರೂಪಿಸಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಮುಟ್ಟಿನ ಸಮಯದಲ್ಲಿ ನೈರ್ಮಲ್ಯದ ಸಾಧನ ಬಳಸುವವರ ಪ್ರಮಾಣ 2015-16ರಲ್ಲಿ ಸುಮಾರು ಶೇಕಡಾ 58 ಇದ್ದದ್ದು 2019-21ರ ಹೊತ್ತಿಗೆ ಶೇಕಡಾ 77ರ ಆಸುಪಾಸಿಗೆ ಏರಿತು. ಆದರೆ ವಸ್ತು ತಲುಪಿದ ವೇಗದಲ್ಲಿ ಅರಿವು ತಲುಪಿದೆ ಎಂದು ಹೇಳಲಾಗದು. ಭಾರತದ ಹದಿಹರೆಯದ ಹುಡುಗಿಯರ ಕುರಿತು ನಡೆದ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಬಿಎಂಜೆ ಓಪನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಮೊದಲ ಮುಟ್ಟು ಬರುವ ಮುನ್ನ ಅದರ ಕುರಿತು ತಿಳಿದಿದ್ದವರು ಅರ್ಧದಷ್ಟು ಹುಡುಗಿಯರು ಮಾತ್ರ ಎಂದು ಕಂಡುಬಂದಿತು.

ಎನ್‌ಸಿಇಆರ್‌ಟಿಯ ವಿಜ್ಞಾನ ಪುಸ್ತಕಗಳಲ್ಲಿ ಹದಿಹರೆಯದ ಕುರಿತ ಪ್ರತ್ಯೇಕ ಅಧ್ಯಾಯ ಬಹುಕಾಲ 8ನೇ ತರಗತಿಯಲ್ಲಿತ್ತು. 2025ರಲ್ಲಿ ಬಂದ ಹೊಸ ಪುಸ್ತಕದಲ್ಲಿ ಅದು 7ನೇ ತರಗತಿಗೆ ಇಳಿದಿದೆ. ಇದು ಸರಿಯಾದ ದಿಕ್ಕಿನ ಹೆಜ್ಜೆ, ಆದರೂ ಏಳನೆಯ ತರಗತಿಯ ಮಕ್ಕಳಿಗೆ ಹನ್ನೆರಡು ವರ್ಷವಾಗಿರುತ್ತದೆ, ಆ ವೇಳೆಗೆ ಅವರಲ್ಲಿ ಅನೇಕ ಹುಡುಗಿಯರಿಗೆ ಮುಟ್ಟು ಬಂದಾಗಿರುತ್ತದೆ. ಮಗಳಿಗೆ ಒಂಬತ್ತು ತುಂಬುವ ಹೊತ್ತಿಗೆ ಮನೆಯಲ್ಲಿ ತಾಯಿಯೋ ತಂದೆಯೋ ಈ ವಿಷಯವನ್ನು ಒಮ್ಮೆಯಾದರೂ ಸರಳ ಕನ್ನಡದಲ್ಲಿ ಹೇಳಬೇಕು, ಮಗನಿಗೂ ಹತ್ತು ದಾಟುವ ಮೊದಲು ಹೇಳಬೇಕು; ಬುದ್ಧಿ ಬೆಳವಣಿಗೆಯಲ್ಲಿ ಹಿಂದುಳಿದ ಮಕ್ಕಳ ಮೈಯೂ ಉಳಿದವರಂತೆಯೇ ಬೆಳೆಯುವುದರಿಂದ ಅವರಿಗೆ ಮತ್ತೆ ಮತ್ತೆ, ಚಿತ್ರ ತೋರಿಸಿ ಹೇಳಬೇಕು. ಶಿಕ್ಷಕರು ಆ ಅಧ್ಯಾಯ ಬಂದಾಗ ಹುಡುಗರನ್ನು ಹೊರಗೆ ಕಳುಹಿಸದೆ, ಬಾಗಿಲು ಮುಚ್ಚದೆ, ದಾಸವಾಳದ ಹೂವಿನ ಪಾಠಕ್ಕೆ ಕೊಟ್ಟಷ್ಟೇ ಸಮಯ ಕೊಟ್ಟು, ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಗಟ್ಟಿಯಾಗಿ ಓದಿ ಬಿಡಿಸಿ ಹೇಳಬೇಕು.